ಪರದೆಯ ಈಚೆ ಕೂತವರು

ದೆವ್ವದ ಚಿತ್ರದಲ್ಲಿ ದೆವ್ವ ಎಷ್ಟು ಕಡಿಮೆ ಕಾಣುತ್ತದೋ ಅಷ್ಟು ಒಳ್ಳೆಯದು. ಬಾಗಿಲು ಕಿರುಗುಟ್ಟಬೇಕು, ದೀಪ ಅಲ್ಲಾಡಬೇಕು, ಅಷ್ಟಕ್ಕೇ ಪಕ್ಕದಲ್ಲಿ ಕೂತ ನೆರೆಮನೆಯ ಹುಲಿಗೆಮ್ಮ ನನ್ನ ತೋಳು ಹಿಡಿದುಕೊಳ್ಳಬೇಕು. ಬಿಳಿ ಸೀರೆ ಉಟ್ಟ ದೆವ್ವ ಎದುರಿಗೇ ಬಂದು ನಿಂತರೆ ನನಗೆ ಭಯವಾಗುವುದಿಲ್ಲ, ಆ ಸೀರೆಯನ್ನು ಇಷ್ಟು ಬೆಳ್ಳಗೆ ಒಗೆದವರು ಯಾರು ಎಂಬ ಯೋಚನೆ ಬರುತ್ತದೆ. ಕೊಲೆಯ ಚಿತ್ರವಾದರೆ ಎಲ್ಲರಿಗಿಂತ ವಿನಯದಿಂದ ಮಾತಾಡುವವನ ಮೇಲೆ ನನ್ನ ಕಣ್ಣು. ಮೂರನೆಯ ರೀಲು ಮುಗಿಯುವುದರೊಳಗೆ ಇಂಥವನೇ ಎಂದು ಹೇಳಿಬಿಡುತ್ತೇನೆ, ಹತ್ತರಲ್ಲಿ ಏಳು ಸಲ ಸರಿಯಾಗಿರುತ್ತದೆ. ರಷ್ಯಾದವರು ಆಕಾಶಕ್ಕೆ ಉಪಗ್ರಹ ಹಾರಿಸಿದ ಮೇಲೆ ರಾಕೆಟ್ಟಿನ ಚಿತ್ರಗಳೂ ಬರತೊಡಗಿವೆ. ಭಾಷೆ ತಿಳಿಯದಿದ್ದರೂ ಅವನ್ನು ನೋಡಬಹುದು. ಚಂದ್ರನ ಮೇಲೆ ಇಳಿದವರು ಅಷ್ಟು ದಿನ ಏನು ಉಂಡರು ಎನ್ನುವುದನ್ನು ಮಾತ್ರ ಯಾರೂ ತೋರಿಸುವುದಿಲ್ಲ.

ಇದೆಲ್ಲ ನಾನು ಕಲಿತದ್ದು ರಂಗಪ್ಪನ ಟೆಂಟಿನಲ್ಲಿ. ನಾಲ್ಕು ವರ್ಷದಿಂದ ಸುಗ್ಗಿ ಮುಗಿದ ಮೇಲೆ ಅವನು ನಮ್ಮ ಶಿಕಾರಿಪುರಕ್ಕೆ ಬಂದು ಟೆಂಟು ಹಾಕುತ್ತಾನೆ, ಮಳೆಗಾಲಕ್ಕೆ ಮುಂಚೆ ಸೊರಬದಲ್ಲಿ ಕೆಲವು ವಾರ ಆಡಿಸಿ ಹೋಗುತ್ತಾನೆ. ಟೆಂಟಿನ ನಡುವೆ ಪರದೆ. ಆಚೆ ಯಂತ್ರ ಮತ್ತು ಗಂಡಸರು, ಈಚೆ ಹೆಂಗಸರು ಮಕ್ಕಳು. ಆಟಕ್ಕೆ ಮೊದಲು ರಂಗಪ್ಪ ಪರದೆಗೆ ನೀರು ಎರಚಿ ತೋಯಿಸುತ್ತಾನೆ. ಬಟ್ಟೆ ಒದ್ದೆಯಾದರೆ ಚಿತ್ರ ನಮ್ಮ ಕಡೆಗೂ ಚೆನ್ನಾಗಿ ಮೂಡುತ್ತದೆ. ಅಕ್ಷರಗಳು ಮಾತ್ರ ನಮಗೆ ತಿರುವುಮುರುವಾಗಿ ಕಾಣುತ್ತವೆ. ನಾಲ್ಕು ವರ್ಷದಲ್ಲಿ ನಾನು ಅವನ್ನು ಹಾಗೆಯೇ ಓದುವುದು ರೂಢಿ ಮಾಡಿಕೊಂಡು, ಪಕ್ಕದವರಿಗೂ ಓದಿ ಹೇಳುತ್ತೇನೆ.

ನನ್ನ ಮಗಳು ಜಗದಾಂಬಳಿಗೆ ಎಂಟು ವರ್ಷ. ಚಿತ್ರ ನೋಡಿ ಬಂದ ಮರುದಿನ ನಾನು ರೊಟ್ಟಿ ಬಡಿಯುವಾಗ ಒಲೆಯ ಹತ್ತಿರ ಸ್ಲೇಟು ಹಿಡಿದು ಕೂರುತ್ತಾಳೆ. ಹಾಳು ಬಂಗಲೆ, ಅದರ ಮೇಲೊಂದು ಗೂಬೆ, ಬಾಲದಲ್ಲಿ ಬೆಂಕಿ ಇರುವ ರಾಕೆಟ್ಟು, ಎಲ್ಲ ಬರೆಯುತ್ತಾಳೆ. ಬರೆಯುವುದು ಎಡಗೈಯಲ್ಲಿ. ಅತ್ತೆ ಗುತ್ಯಮ್ಮನವರಿಗೆ ಇದೊಂದು ಸಂಕಟ. ಮೊಮ್ಮಗಳ ಕೈಯಿಂದ ಬಳಪ ತೆಗೆದು ಬಲಗೈಗೆ ಕೊಡುವರು. ಅವರು ಆಚೆ ಹೋದದ್ದೇ ತಡ, ಬಳಪ ಮತ್ತೆ ಎಡಗೈಗೆ ಬರುವುದು. ಹೀಗೆ ನಡೆದಿತ್ತು.

ಈ ಸಲ ಒಂದು ಕೊಲೆಯ ಚಿತ್ರ ಬಂತು. ಅದರಲ್ಲಿ ಕೊಲೆಗಾರನ ಮುಖ ಕೊನೆಯವರೆಗೆ ಕಾಣುವುದಿಲ್ಲ. ಒಂದು ಕೈ ಮಾತ್ರ, ಇಡೀ ಪರದೆಯಷ್ಟು ದೊಡ್ಡದಾಗಿ, ಹಾಲಿನ ಲೋಟಕ್ಕೆ ವಿಷ ಸುರಿಯುತ್ತದೆ. ಎಡಗೈ. ರೀಲು ಬದಲಿಸಲು ದೀಪ ಹತ್ತಿತು. ಅತ್ತೆ ನಮ್ಮ ಸಾಲಿಗೆಲ್ಲ ಕೇಳುವಂತೆ ಹೇಳಿದರು.

"ನೋಡಿದ್ರಾ, ಎಡಚ. ನಾನು ಬಡ್ಕೊಳ್ಳೋದು ಸುಮ್ನೆ ಅಲ್ಲ. ಆ ಕೈಗೆ ಸಣ್ಣೋರಿದ್ದಾಗ್ಲೇ ಬುದ್ಧಿ ಕಲಿಸ್ಬೇಕು."

ಕೊಲೆಗಾರ ಯಾರು ಎಂಬ ಲೆಕ್ಕಾಚಾರದಲ್ಲಿ ನಾನು ಮುಳುಗಿದ್ದೆ. ಬಲು ವಿನಯದ ಡಾಕ್ಟರೇ ಎಂದು ಹೇಳಿದೆ, ಅವನೇ ಆದ. ನನ್ನ ಸಂತೋಷದಲ್ಲಿ ಮಗುವಿನ ಮುಖ ನೋಡಲಿಲ್ಲ. ಅದು ನನ್ನ ತಪ್ಪು.

ಮರುದಿನ ಸ್ಲೇಟು ಗೂಡಿನಲ್ಲೇ ಉಳಿಯಿತು. ಅದರ ಮರುದಿನವೂ ಅಷ್ಟೇ. ಮೂರನೆಯ ದಿನ ಶಾಲೆಯಿಂದ ಬಂದವಳ ಕಾಪಿಪುಸ್ತಕದ ಮಗ್ಗಿ ನೋಡಿದೆ. ಬಲಗೈಯಲ್ಲಿ ಬರೆದ ಅಂಕಿಗಳು ಒಂದರ ಮೇಲೊಂದು ಬಿದ್ದಿದ್ದವು. ಎಡಗೈಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ತಲೆ ಬಾಚುವಾಗ ಮೆಲ್ಲಗೆ ಕೇಳಿದಳು.

"ಅವ್ವ, ನಾನು ದೊಡ್ಡೋಳಾದ್ಮೇಲೆ ನಿನ್ನ ಹಾಲಿಗೆ ಏನಾದ್ರೂ ಹಾಕಿಬಿಡ್ತೀನಾ?"

"ಹಾಕ್ತೀಯ," ಎಂದೆ. "ಬೆಲ್ಲ ಹಾಕ್ತೀಯ. ನಿಮ್ಮಪ್ಪನಂಗೆ ಜಾಸ್ತಿ ಹಾಕಿ ಬೈಸ್ಕೊಳ್ತೀಯ." ಅವಳು ನಗಲಿಲ್ಲ. ಮಗುವಿನ ಕೈ ಸುಮ್ಮನಾದರೆ ಮನೆಯೇ ಸುಮ್ಮನಾದಂತೆ ಎಂದು ನನಗೆ ಆಗ ತಿಳಿಯಿತು.

ಆ ಸಂಜೆ ಊಟಕ್ಕೆ ಬಡಿಸುವಾಗ ಇವರ ಹತ್ತಿರ ಹೇಳಿಕೊಂಡೆ. ನನ್ನ ಗಂಡ ಮಲ್ಲೇಶಪ್ಪನವರು ಮೆಣಸಿನಕಾಯಿ ವ್ಯಾಪಾರದವರು. ಶಿರಾಳಕೊಪ್ಪದ ಸಂತೆ ಮುಗಿಸಿ ಆಗ ತಾನೇ ಬಂದಿದ್ದರು.

"ಯಾವ ಎಡಗೈ?" ಎಂದರು. "ವಿಷ ಹಾಕಿದ್ದು ಬಲಗೈಲಿ."

"ಇಲ್ರಿ, ಎಡಗೈ. ನಮ್ಮ ಕಡೆ ಎಲ್ಲರೂ ನೋಡೀವಿ."

"ನಮ್ಮ ಕಡೆ ಇನ್ನೂರು ಜನ ನೋಡ್ಯಾರೆ. ಬಲಗೈ."

"ನೀವು ನಿದ್ದೆ ಮಾಡಿರ್ತೀರಿ."

"ವಿಷ ಹಾಕೋವಾಗ ಯಾರಾದ್ರೂ ನಿದ್ದೆ ಮಾಡ್ತಾರೇನೇ, ನೀಲಾ? ಹಾಡಿನಾಗೆ ಮಾಡಿದ್ದು ನಿಜ."

ಸಾರಿನ ಸೌಟು ಹಿಡಿದು ನಿಂತಲ್ಲೇ ನಿಂತೆ. ಅಕ್ಷರ ತಿರುಗಿ ಕಾಣುತ್ತದೆ ಎಂದು ನಾಲ್ಕು ವರ್ಷದಿಂದ ಬಲ್ಲೆ. ಕೈಯೂ ತಿರುಗೀತು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಹತ್ತರಲ್ಲಿ ಏಳು ಕೊಲೆಗಾರರನ್ನು ಹಿಡಿದವಳ ಬುದ್ಧಿ ಇಷ್ಟು.

ಅತ್ತೆಗೆ ಹೇಳಿದರೆ ಅವರು ಒಪ್ಪಲಿಲ್ಲ. "ನಾನು ಕಣ್ಣಾರೆ ಕಂಡಿದ್ದು ಸುಳ್ಳು. ಆ ಕಡೆ ಬೀಡಿ ಹೊಗೆಯೊಳಗೆ ಕೂತ ನಿನ್ನ ಗಂಡ ಕಂಡಿದ್ದು ನಿಜ. ಚೆನ್ನಾಗೈತೆ."

ನಾನು ಮಾತು ಬೆಳೆಸದೆ ಸೋಮವಾರಕ್ಕೆ ಕಾದೆ. ಸೋಮವಾರ ರಂಗಪ್ಪ ಭಕ್ತಿಯ ಚಿತ್ರ ಹಾಕುತ್ತಾನೆ. ಅತ್ತೆ ಒಂದನ್ನೂ ಬಿಟ್ಟವರಲ್ಲ. ಮಿಂದು, ವಿಭೂತಿ ಧರಿಸಿ, ಸೆರಗಿನಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ಕೂರುವರು. ಮೊದಲನೆಯ ಆಟಕ್ಕೆ ನಾವು ಮೂವರೂ ಹೋದೆವು. ಜಗದಾಂಬ ನನಗೂ ಅತ್ತೆಗೂ ನಡುವೆ ಕೂತಳು, ಕೈ ಲಂಗದೊಳಗೆ.

ಬಡ ಮುದುಕಿಯೊಬ್ಬಳ ಗುಡಿಸಲಲ್ಲಿ ಶಿವ ಪ್ರತ್ಯಕ್ಷನಾದ. ಹೆಂಗಸರ ಕಡೆಯೆಲ್ಲ ಎದ್ದು ನಿಂತಿತು. ಅತ್ತೆ ಕಣ್ಣಲ್ಲಿ ನೀರು ತುಂಬಿ ಕೈಮುಗಿದರು. ಶಿವ ಕೈಯೆತ್ತಿ ಹರಸಿದ.

"ಅತ್ತೆ, ಯಾವ ಕೈ?" ಎಂದೆ.

"ಏನು ಯಾವ ಕೈ?"

"ಶಿವ ಎತ್ತಿದ್ದು."

ಅವರು ಪರದೆ ನೋಡಿದರು. ತಮ್ಮ ಬಲಗೈ ಎತ್ತಿ ನೋಡಿಕೊಂಡರು, ಎಡಗೈ ಎತ್ತಿ ನೋಡಿಕೊಂಡರು. ಅಷ್ಟರಲ್ಲಿ ರೀಲು ಮುಗಿದು ದೀಪ ಹತ್ತಿತು. ರಂಗಪ್ಪ ಪರದೆಗೆ ನೀರು ಎರಚಲು ನಮ್ಮ ಕಡೆ ಬಂದ.

"ಲೋ ರಂಗಪ್ಪ," ಅತ್ತೆ ಕೂಗಿದರು, "ನಿನ್ನ ಶಿವ ಎಡಚನೇನೋ?"

"ಅಲ್ಲ ಅವ್ವಾರೆ. ಆ ಕಡೆ ಬಲಗೈನೇ. ಈ ಕಡೆಗೆ ತಿರುಗಿ ಕಾಣ್ತೈತೆ. ನಮ್ಮಪ್ಪನ ಕಾಲದಿಂದ ಹಿಂಗೇ."

"ಹಂಗಾದ್ರೆ ನಾಲ್ಕು ವರ್ಷದಿಂದ ನಮಗೆಲ್ಲ ಎಡಗೈಲೇ ವರ ಕೊಡಿಸ್ತಿದೀಯ."

"ಕೊಡಿಸಿದ್ದು ಮುಟ್ಟಿಲ್ವಾ ಅವ್ವಾರೆ?" ಎಂದ ರಂಗಪ್ಪ, ಚೆಂಬು ಕೈಯಲ್ಲಿ ಹಿಡಿದೇ.

ಹುಲಿಗೆಮ್ಮ ಹಿಂದಿನಿಂದ ಹೇಳಿದಳು. "ನನಗೆ ಮುಟ್ಟೈತಪ್ಪ. ಹೋದ ವರ್ಷ ಇಲ್ಲೇ ಕೈಮುಗಿದೆ, ತಿಂಗಳೊಳಗೆ ಮಗಳಿಗೆ ಗಂಡು ಕೂಡಿ ಬಂತು. ಗುತ್ಯಕ್ಕ, ನಿನ್ನ ಮಂಡಿ ನೋವು?"

ಅತ್ತೆಯ ಮಂಡಿ ನೋವು ಈ ಟೆಂಟಿನಲ್ಲಿ ಹರಕೆ ಹೊತ್ತ ಮೇಲೆ ಕಡಿಮೆಯಾದದ್ದು ಓಣಿಗೆಲ್ಲ ಗೊತ್ತು, ಹೇಳಿದವರು ಅವರೇ. ಅವರು ಎದ್ದು ಹೋಗಿ ಪರದೆಯ ಅಂಚಿನಲ್ಲಿ ನಿಂತರು. ಮುಂದಿನ ರೀಲಿನಲ್ಲಿ ಶಿವ ಮತ್ತೆ ಬಂದಾಗ ಒಮ್ಮೆ ಆಚೆ ಇಣುಕಿದರು, ಒಮ್ಮೆ ಈಚೆ ಇಣುಕಿದರು. ಆಚೆಯಿಂದ ಯಾರೋ "ಅಜ್ಜಿ, ತಲೆ ಅಡ್ಡ ಬರ್ತೈತೆ" ಎಂದರು. "ಬರ್ಲಿ ಬಿಡು, ನಾಲ್ಕು ವರ್ಷ ನೀವೇ ನೆಟ್ಟಗೆ ನೋಡೀರಿ" ಎಂದು ಹೇಳಿ ಬಂದು ಕೂತರು.

ಕೂತವರೇ ಜಗದಾಂಬಳ ಲಂಗದ ಮಡಿಕೆಯಿಂದ ಆ ಕೈ ಹೊರಗೆ ತೆಗೆದರು. ಬೆರಳು ಒಂದೊಂದಾಗಿ ಬಿಡಿಸಿ, ಅದರ ತುಂಬ ಶೇಂಗಾ ಸುರಿದರು.

"ಉಣ್ಣೋದು ಮಾತ್ರ ಬಲಗೈಲಿ," ಎಂದರು. "ಬರೆಯೋದು ಹೆಂಗೆ ಬರ್ತದೋ ಹಂಗೆ ಬರಿ."

ಮಗು ನನ್ನ ಮುಖ ನೋಡಿತು. ಶೇಂಗಾವನ್ನು ಬಲಗೈಗೆ ಬದಲಿಸಿಕೊಂಡು ತಿನ್ನತೊಡಗಿತು. ಕತ್ತಲಲ್ಲಿ ಸಿಪ್ಪೆಯ ಚಟಪಟ ಸದ್ದು ಚಿತ್ರ ಮುಗಿಯುವವರೆಗೂ ಕೇಳುತ್ತಿತ್ತು.

ಮುಂದಿನ ವಾರ ಟೆಂಟು ಸೊರಬಕ್ಕೆ ಹೋಗುತ್ತದೆ. ಅಲ್ಲಿ ನನ್ನ ಅಕ್ಕ ವರದಮ್ಮನ ಮನೆ ಇದೆ. ಚಂದ್ರಲೋಕದ ಚಿತ್ರವೂ ಬರುವುದಂತೆ. ಚಂದ್ರನ ಮೇಲೆ ಏನು ಉಣ್ಣುತ್ತಾರೆ ನೋಡಬೇಕು, ನಾನೂ ಬರ್ತೀನಿ ಎಂದು ಅತ್ತೆ ಈಗಲೇ ಸೀರೆ ತೆಗೆದಿಟ್ಟಿದ್ದಾರೆ.

ಶಿವನ ಚಿತ್ರ ನೋಡಿದ ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಒಲೆಯ ಹತ್ತಿರ ಸ್ಲೇಟು ಬಂತು. ಜಗದಾಂಬ ಜಟೆ ಬರೆದಳು, ಹಾವು ಬರೆದಳು, ತೋಳಿಗೆ ಬಂದಾಗ ಬಳಪ ನಿಲ್ಲಿಸಿದಳು.

"ಅಜ್ಜಿ, ಕೈ ಯಾವ ಕಡೆಯಿಂದ ನೋಡಿದಂಗೆ ಬರೀಲಿ?"

ಅತ್ತೆ ಹುಣಸೆಹಣ್ಣು ಬಿಡಿಸುತ್ತಲೇ ಹೇಳಿದರು. "ಈಚೆ ಕಡೆಯಿಂದ. ನಾವು ಕೂತಿದ್ದು ಅಲ್ಲೇ ಅಲ್ವೇನೇ."