ಕೊನೆಯಲ್ಲೊಂದು ಚೂರು ನಗು

ತಳ ಹಿಡಿದ ಹಾಲಿನ ಪಾತ್ರೆಯನ್ನು ಅವಳು ಉಜ್ಜುತ್ತಿದ್ದಾಗ ಫೋನು ಬಡಿದುಕೊಂಡಿತು. ಕೈತುಂಬ ಸೋಪಿನ ನೊರೆ. ಶೂ ಹಾಕಿಕೊಳ್ಳದೆ ಅಡುಗೆಮನೆಯಲ್ಲೇ ಸುಳಿದಾಡುತ್ತಿದ್ದ ಮಗಳು ಸ್ಪೀಕರ್ ಒತ್ತಿ ಫೋನನ್ನು ಎತ್ತಿ ಹಿಡಿದಳು. ಹುಟ್ಟಿದಾಗ ಅತ್ತ ದನಿ ಕೇಳಿ ಅಜ್ಜಿ ಇಟ್ಟ ಹೆಸರು ಪಿಟೀಲು. ಒಂಬತ್ತು ತುಂಬಿದರೂ ಮನೆಯಲ್ಲಿ ಅದೇ.

"ಮೇಡಂ, ನಿನ್ನೆಯ ಸೀನ್ ಮತ್ತೆ ಮಾಡ್ಬೇಕು," ಎಂದರು ಧಾರಾವಾಹಿಯ ಡೈರೆಕ್ಟರ್. ಅದರ ನಾಯಕಿಗೆ ದನಿ ಕೊಡುವವಳು ಇವಳೇ. "ಮೆಟ್ಟಿಲ ಹತ್ರ ಹೀರೋ ಕೈ ಹಿಡ್ಕೊಂಡಾಗ 'ಬೇಡ, ಬಿಡು' ಅಂತೀರಲ್ಲ, ಅದು."

"ಮಾತು ಹೀರೋಯಿನ್ ತುಟಿಗೆ ಕೂತಿಲ್ವಾ ಸರ್?"

"ತುಟಿಗೆ ಚೆನ್ನಾಗೇ ಕೂತಿದೆ. ಆದ್ರೆ ನೀವು ಅಷ್ಟು ಖಡಕ್ಕಾಗಿ ಅಂದ್ರೆ ನಮ್ ಹೀರೋ ಪೋಲಿ ಥರ ಕಾಣ್ತಾನೆ. ಮುಂದಿನ ವಾರ ಅವರಿಬ್ಬರ ಮದುವೆ ಇಟ್ಕೊಂಡಿದೀವಿ. ಬಾಯಲ್ಲಿ ಬೇಡ, ಗಂಟಲಲ್ಲಿ ಬೇಕು. ನಿಮಗೆ ನಾನು ಹೇಳ್ಕೊಡ್ಬೇಕಾ?"

ಹೇಳಿಕೊಡಬೇಕಿರಲಿಲ್ಲ. ಬೇಡ ಎಂದ ಮಾತಿನ ಕೊನೆಗೆ ಒಂದು ಚೂರು ನಗು ಸಿಕ್ಕಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಮನೆ ನಡೆದದ್ದೇ ಆ ಚೂರಿನಿಂದ. ನಿನ್ನೆ ಯಾಕೋ ಆ ನಗು ಬಂದಿರಲಿಲ್ಲ.

"ನಿನ್ನೆ ಹೇಳಿದ್ದೇ ಇರ್ಲಿ ಅಂದ್ರೆ?"

"ಬೇರೆ ದನಿ ಹುಡುಕ್ತೀನಿ, ಬೇಜಾರು ಮಾಡ್ಕೋಬೇಡಿ. ಹನ್ನೊಂದಕ್ಕೆ ಬಂದ್ಬಿಡಿ."

ಫೋನು ಕಟ್ಟಾಯಿತು. ಅವಳು ಮತ್ತೆ ಪಾತ್ರೆ ಉಜ್ಜತೊಡಗಿದಳು, ಕಪ್ಪು ಬಿಡಲಿಲ್ಲ. ಕೆಳಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯಿತು. ಪಿಟೀಲು ಕದಲಲಿಲ್ಲ.

"ಹೊರಡೇ ಮಾರಾಯ್ತಿ, ಡ್ರೈವರ್ ಮಾಮ ಗೊಣಗ್ತಾರೆ."

"ಅಪ್ಪನ ಸ್ಕೂಟರಲ್ಲಿ ಹೋಗ್ತೀನಿ."

"ಅಪ್ಪ ಆಗ್ಲೇ ಹೋದ್ರಲ್ಲ. ಈ ವಾರವೆಲ್ಲ ಇದೇ ರಾಗ ನಿಂದು. ವ್ಯಾನಲ್ಲಿ ಏನು, ಹುಲಿ ಕೂತಿದ್ಯಾ?"

ಮಗಳು ಫೋನಿನ ಮೇಲೆ ಬಿದ್ದ ನೊರೆಯನ್ನು ಲಂಗಕ್ಕೆ ಒರೆಸಿದಳು. "ಹಿಂದಿನ ಸೀಟಿನ ದೊಡ್ಡ ಕ್ಲಾಸಿನ ಅಣ್ಣ ನನ್ನ ಕೈ ಹಿಡ್ಕೊಂಡ್ರೆ ಬಿಡೋದೇ ಇಲ್ಲ. ಬೇಡ, ಬಿಡು ಅಂದೆ. ಎಲ್ಲರೂ ನಕ್ಕರು. ಟೀವಿಲಿ ಬರೋ ಅಕ್ಕನ ಥರಾನೇ ಅಂತಾಳೆ, ಇವಳಿಗೂ ಇಷ್ಟ ಅಂದ್ರು."

ಪಾತ್ರೆ ಉಜ್ಜುತ್ತಿದ್ದ ಅವಳ ಕೈ ನಿಂತಿತು. ಅಮ್ಮನ ದನಿ ಮಗಳಿಗೆ ಹಾಗೇ ಇಳಿದು ಬಂದಿದೆ ಎಂದು ನೆಂಟರು ಹೊಗಳಿದಾಗಲೆಲ್ಲ ಹಿಗ್ಗಿದವಳು ಅವಳೇ. ವ್ಯಾನು ಮತ್ತೊಮ್ಮೆ ಕೂಗಿ, ಕಾಯದೆ ಹೊರಟಿತು. ನಲ್ಲಿ ನಿಲ್ಲಿಸಿ ಮಗಳ ಎದುರು ಮಂಡಿಯೂರಿದಳು. ಒದ್ದೆ ಕೈಗಳು ಏನನ್ನೂ ಮುಟ್ಟದೆ ನಡುವೆಯೇ ಉಳಿದವು.

"ಅಮ್ಮಾ," ಎಂದಳು ಪಿಟೀಲು, "ನಿಜವಾಗ್ಲೂ ಬೇಡ ಅನ್ನೋರು ಹೇಗೆ ಹೇಳ್ತಾರೆ?"