ನೀರು ಗುಳುಗುಳು ಅನ್ನುವವರೆಗೆ

ಗುಳುಗುಳು, ಗುಳು, ಎರಡನೆಯ ತೊಟ್ಟಿಲಿನ ಸೀಸೆಯಿರಬೇಕು, ಅಲ್ಲ, ಅದು ನಿನ್ನೆಯಿಂದ ಖಾಲಿ, ಇದು ಕಿಟಕಿ ಪಕ್ಕದ್ದು, ತಿಯಮಿಕೆಯ ಮಗುವಿನದು, ಗಂಜಿ ಕುದಿಯುವ ಸದ್ದು, ಝೋಂಬಾ ಊರಿನ ಬಸ್ಸು ತಪ್ಪೀತೆಂದು ಏನೂ ತಿನ್ನದೆ ಓಡಿಬಂದೆ, ಒಂದು ಗೆಣಸಾದರೂ ಚೀಲಕ್ಕೆ ಹಾಕಿಕೊಳ್ಳಬೇಕಿತ್ತು — ಈ ಸೀಸೆಯನ್ನು ಈಗ ನಿಲ್ಲಿಸಬೇಕು. ಡಾಕ್ಟರ್ ಮ್ಸುಕು ಹೇಳಿ ಹೋದರು, ಮೂಗಿನ ಕೊಳವೆ ತೆಗೆದು ನೋಡು ಲುಸುಂಗು, ಮಗು ತಾನಾಗಿ ಉಸಿರಾಡುತ್ತೆ, ಆಮ್ಲಜನಕ ತೊಂಬತ್ತರ ಕೆಳಗಿಳಿದ್ರೆ ಮತ್ತೆ ಹಾಕು, ಅಷ್ಟೇ, ಅವರಿಗೆ ಎಲ್ಲವೂ ಅಷ್ಟೇ, ನಮ್ಮ ಸಂಶೋಧನೆಯೂ ಅಷ್ಟೇ, ಅರ್ಧ ಮಕ್ಕಳಿಗೆ ಬರೀ ಆಮ್ಲಜನಕ, ಅರ್ಧ ಮಕ್ಕಳಿಗೆ ಈ ಸೀಸೆ, ಯಾವುದರಿಂದ ಹೆಚ್ಚು ಉಳಿಯುತ್ತವೆ ಎಂದು ನೋಡುವುದು, ಮೂಗಿನ ಕೊಳವೆ ಗಾಳಿಯನ್ನು ಒಳಕ್ಕೆ ಒತ್ತುತ್ತದೆ, ಮಿಕ್ಕಿದ್ದು ನೀರಿನಲ್ಲಿ ಗುಳ್ಳೆಯಾಗುತ್ತದೆ, ಯಂತ್ರದ ಗಾಳಿ, ಮಗುವಿನ ಉಸಿರಲ್ಲ, ಅಗೋಗೊಗೆ ಮೊದಲ ದಿನವೇ ಹೇಳಿದ್ದೆ. ಅಗೋಗೊ, ಮಗುವಿನ ಅಜ್ಜಿ, ಇಲ್ಲಿ ಅಜ್ಜಿ ಹೂಂ ಅನ್ನದೆ ಯಾವ ಮಗುವಿನ ಮೈಗೂ ಸೂಜಿ ತಾಗದು, ತಿಯಮಿಕೆ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಮ್ಮಮ್ಮನ್ನ ಕೇಳಿ ಸಿಸ್ಟರ್ ಅಂದುಬಿಟ್ಟಳು, ಮುದುಕಿ ಸೊಂಟದ ಮೇಲೆ ಕೈಯಿಟ್ಟು, ಮೂಗಿಗೆ ನಳಿಗೆ ಹಾಕಿದ ಕೂಸು ಮನೆಗೆ ಬಂದಿದ್ದನ್ನ ನಾನಂತೂ ಕಂಡಿಲ್ಲ ಕಣೇ, ನಿಮ್ಮ ಪರೀಕ್ಷೆಗೆ ನನ್ನ ಮೊಮ್ಮಗಳೇ ಬೇಕಾಗಿತ್ತಾ, ಆಮೇಲೆ ಪಕ್ಕದ ಸೀಸೆ ನೋಡಿ, ಓಹೋ, ಉಸಿರು ಕಣ್ಣಿಗೇ ಕಾಣ್ಸುತ್ತಲ್ಲ, ಹಂಗಾದ್ರೆ ಹಾಕು, ಅದು ಉಸಿರಲ್ಲ ಅಗೋಗೊ, ಹೋಗೇ, ಒಂದಾದ್ರೂ ಹೆತ್ತಿದ್ದೀಯಾ ನೀನು.

ನಿನ್ನೆ ಎರಡನೆಯ ತೊಟ್ಟಿಲಿನಲ್ಲಿ ಎಡಿನಾಳ ಮಗುವಿನ ಉಸಿರು ನಿಂತಿತು, ಎದೆ ಒತ್ತಿದೆವು, ಗಾಳಿ ಊದಿದೆವು, ಕೊಳವೆ ಮತ್ತೆ ಮೂಗಿಗಿಟ್ಟೆವು, ಕೈಬಿಟ್ಟೆವು, ಸೀಸೆ ಮಾತ್ರ ಗುಳುಗುಳು ಅನ್ನುತ್ತಲೇ ಇತ್ತು, ಎಡಿನಾ ಗಂಜಿ ಕುಡಿದು ಬಂದಳು, ಸೀಸೆ ನೋಡಿ ನಕ್ಕಳು, ಆಟ ಆಡ್ತಿದೆ ಅಲ್ವಾ ಸಿಸ್ಟರ್, ನಾನು ಯಂತ್ರದ ಗುಂಡಿ ಒತ್ತಿದೆ, ನೀರು ನಿಂತಿತು, ಆಮೇಲೆ ಹೇಳಿದೆ. ಅಗೋಗೊ ಅಲ್ಲೇ ಇದ್ದಳು, ಅವಳು ಕಂಡದ್ದು ನನ್ನ ಬೆರಳು, ನಿಂತ ನೀರು, ಎಡಿನಾಳ ಕೂಗು, ಒಂದರ ಹಿಂದೆ ಒಂದು.

ಈಗ ಅದೇ ಬೆರಳು, ಅದೇ ಗುಂಡಿ. ಅಗೋಗೊ ಅಡ್ಡ ಬರುತ್ತಾಳೆ, ನಿನ್ನೆ ಒಂದು ದೀಪ ಆರಿಸಿದ್ದು ಸಾಲ್ದಾ, ಮುಟ್ಟಬೇಡ ಅಂದೆ, ಮುಟ್ಟಿದ್ರೆ ನಿನ್ನ ಕೈ ಸೇದಿಹೋಗ್ಲಿ, ಇಂಥ ಶಾಪ ನನಗೆ ತಾಗುವುದಿಲ್ಲ, ಇಲ್ಲ, ತಾಗುತ್ತದೆ, ಹೆದರಿಕೆಯಾಗುತ್ತದೆ, ಕೊಳವೆ ತೆಗೆದೆ, ಒತ್ತಿದೆ, ನೀರು ನಿಂತಿತು. ಅಗೋಗೊ ಹೆಗಲಿನ ಚಿತೆಂಜೆ ಬಟ್ಟೆ ಎಳೆದು ಬಿಡಿಸುತ್ತಾಳೆ, ಮಗುವಿನ ಮುಖ ಮುಚ್ಚಲು, ಕಣ್ಣು ಸೀಸೆಯ ಮೇಲೆಯೇ, ಎದೆ ನೋಡಿ ಅಗೋಗೊ, ಸೀಸೆ ಅಲ್ಲ, ಎದೆ, ತೊಂಬತ್ತಮೂರು, ತೊಂಬತ್ತೊಂದು, ಪಕ್ಕೆಲುಬು ಒಳಗೆ ಸೆಳೆಯುತ್ತಿದೆ, ಬಾ ಮಗಳೇ, ತೊಂಬತ್ತು, ಮತ್ತೆ ತೊಂಬತ್ತು, ಬಟ್ಟೆ ಗಲ್ಲದವರೆಗೆ ಬಂದು ನಿಂತಿತು, ಏನೇ ಇದು, ಇದ್ಯಾರದ್ದು, ಅವಳು ಬಾಗಿ ನೋಡುತ್ತಿರುವುದು ಮಗುವಿನ ತುಟಿ, ತುಟಿಯ ಸಂದಿಯಲ್ಲಿ ಜೊಲ್ಲಿನ ಗುಳ್ಳೆ, ಉಬ್ಬಿತು, ತಗ್ಗಿತು, ಯಂತ್ರ ನಿಂತಿದೆ, ಅವಳದ್ದೇ ಅಗೋಗೊ, ಅವಳದ್ದೇ, ತೊಂಬತ್ತೆರಡು, ಉಬ್ಬಿತು, ಒಂದು ಗುಳ್ಳೆ, ಒಡೆಯದೆ, ಒಂದು ಗುಳ್ಳೆ —