ಮೇಲಂತಸ್ತಿನ ಜಾಲರಿ ಕಿಟಕಿ

ಅರಬ್ ನಾಡಿನ ಜಿದ್ದಾ ನಗರದ ಹಳೆಪೇಟೆಯಲ್ಲಿ ಅಜ್ಜಂದಿರ ಕಾಲದ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ಸಾಲಾಗಿ ನಿಂತಿದ್ದವು. ಮಾಲೀಕರು ಹೊಸ ಬಡಾವಣೆಯ ಬಂಗಲೆಗಳಿಗೆ ಹೋದ ಮೇಲೆ ಆ ಮನೆಗಳಿಗೆ ಕನ್ನಡ ಕರಾವಳಿಯ ಸಂಸಾರಗಳು ಬಾಡಿಗೆಗೆ ಬಂದವು. ಅಂಥದ್ದೊಂದು ಮನೆಯ ಕೆಳಗಿನ ಕತ್ತಲೆ ಕೋಣೆಗಳಲ್ಲಿ ಶಂಸುನ್ನಿಸಾ ವರ್ಷಗಟ್ಟಲೆ ಇದ್ದಳು. ಮೇಲಂತಸ್ತು ಖಾಲಿಯಾದರೆ ತನಗೇ ಎಂದು ಕಾದಿದ್ದಳು. ಅಲ್ಲಿ ಬೀದಿಯ ಮೇಲಕ್ಕೆ ಚಾಚಿದ ಮರದ ಜಾಲರಿ ಕಿಟಕಿಯಿತ್ತು. ಒಳಗೆ ಕೂತವರಿಗೆ ಬೀದಿ ಕಾಣುತ್ತಿತ್ತು, ಬೀದಿಯವರಿಗೆ ಅವರು ಕಾಣುತ್ತಿರಲಿಲ್ಲ. ಮನೆಯೊಡತಿ ಅದನ್ನು ಕೊಟ್ಟದ್ದು ಮೊನ್ನೆ ಮೊನ್ನೆ ಉಳ್ಳಾಲದಿಂದ ಬಂದ ಬೀಫಾತಿಮಾಳಿಗೆ.

ಬೀಫಾತಿಮಾ ಆ ಬೆಳಕಿನಲ್ಲಿ ಕೂತು ಬಟ್ಟೆ ಹೊಲಿಯುತ್ತಿದ್ದಳು. ಮಿಷನ್ನಿನ ಸದ್ದು ಕೇಳಿದಾಗಲೆಲ್ಲ ಶಂಸುನ್ನಿಸಾಳ ಹೊಟ್ಟೆ ಉರಿಯುತ್ತಿತ್ತು. ತನ್ನ ಗಂಡ ಹಂಝ, "ಮೇಲೆ ಎಂಥ ಗಾಳಿ ಮಾರಾಯ್ತಿ" ಅಂದ ದಿನ ಅವಳು ಅನ್ನದ ತಟ್ಟೆ ಸರಿಸಿ ಎದ್ದಳು.

ಮರುದಿನ ಮೆಟ್ಟಿಲಲ್ಲಿ ಬೀಫಾತಿಮಾಳ ಗಂಡ ಅಬ್ದುಲ್ಲ ಕುಂಞಿ ಎದುರಾದ.

"ಹೇಳಬಾರದು ಅಬ್ದುಲ್ಲಾಕ. ನೀವು ಕೆಲಸಕ್ಕೆ ಹೋದ ಮೇಲೆ ಅವಳು ಜಾಲರಿ ತೆರೆದಿಟ್ಟು ಕೂರುತ್ತಾಳೆ. ಎದುರಿನ ಅಂಗಡಿಯ ಗಂಡಸರೆಲ್ಲ ನೋಡುತ್ತಾರೆ," ಎಂದಳು ಶಂಸುನ್ನಿಸಾ.

ಅಂದು ಸಂಜೆ ಮೇಲಿನಿಂದ ಸುತ್ತಿಗೆಯ ಸದ್ದು ಬಂತು.

ಕೆಲವು ದಿನ ಅವಳಿಗೆ ಹಾಯೆನಿಸಿತು. ಆಮೇಲೆ ಕಣ್ಣಾರೆ ನೋಡುವ ಆಸೆಯಾಗಿ ಮೇಲೆ ಹೋದಳು. ಕಿಟಕಿಗೆ ಹಲಗೆ ಬಡಿದಿತ್ತು. ನಡುಮಧ್ಯಾಹ್ನ ದೀಪ ಹಾಕಿಕೊಂಡು, ಬೆವರಿ ತೊಯ್ದು, ಬೀಫಾತಿಮಾ ತಪ್ಪಿದ ಹೊಲಿಗೆ ಬಿಚ್ಚುತ್ತಿದ್ದಳು.

"ಎಂತ ಹೀಗೆ ಮುಚ್ಚಿದ್ದು?"

"ಯಾರೋ ಎಂತದೋ ಹೇಳಿದ್ದಂತೆ. ಇವರು ನನ್ನ ಹತ್ತಿರ ಒಂದು ಮಾತು ಕೇಳಲಿಲ್ಲ." ಬೀಫಾತಿಮಾ ಕಣ್ಣೊರೆಸಿಕೊಂಡಳು. "ನೀವು ನನ್ನನ್ನು ದಿನಾ ನೋಡುವವರು. ನಾನು ಅಂಥವಳಲ್ಲ ಅಂತ ನೀವಾದರೂ ಇವರಿಗೆ ಹೇಳುತ್ತೀರಾ?"

ಶಂಸುನ್ನಿಸಾ, ಅಬ್ದುಲ್ಲ ಕುಂಞಿ ಊಟಕ್ಕೆ ಬರುವವರೆಗೂ ಅಲ್ಲೇ ಕೂತಳು.

"ಆ ಜಾಲರಿ ಒಂದು ದಿನವೂ ತೆರೆದಿರಲಿಲ್ಲ ಅಬ್ದುಲ್ಲಾಕ. ನಾನು ಹೇಳಿದ್ದು ಸುಳ್ಳು. ಈ ಮನೆ ನನಗೆ ಸಿಗಲಿಲ್ಲ ಅಂತ ಹೊಟ್ಟೆಕಿಚ್ಚು."

ಬೀಫಾತಿಮಾ ಕೈಯಲ್ಲಿದ್ದ ಬಟ್ಟೆ ಬದಿಗಿಟ್ಟು ಎದ್ದಳು.

"ನೀವು ಒಂದು ಸಲ ಹೇಳಿದಿರಿ. ನಾನು ಕೂಡಲೇ ನಂಬಿದೆ," ಎಂದ ಅಬ್ದುಲ್ಲ ಕುಂಞಿ. ಹೆಂಡತಿಯ ಮುಖ ನೋಡಲಾರದೆ ಇಕ್ಕಳ ತಂದು ಕಿಟಕಿಯತ್ತ ನಡೆದ.

"ಇಲ್ಲಿ ಕೊಡಿ," ಎಂದು ಬೀಫಾತಿಮಾ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಸ್ಟೂಲು ಹತ್ತಿ ಒಂದೊಂದೇ ಮೊಳೆ ಕೀಳತೊಡಗಿದಳು. ಯಾರೂ ಕರೆಯದಿದ್ದರೂ ಶಂಸುನ್ನಿಸಾ ಎದ್ದುಹೋಗಿ, ಹಲಗೆ ಅವಳ ಮೈಮೇಲೆ ಬೀಳದಂತೆ ಕೆಳಗಿನಿಂದ ಎರಡೂ ಕೈಯಲ್ಲಿ ಹಿಡಿದು ನಿಂತಳು.